ಗೋವರ್ಧನದ ನಿಗಮಸಭೆಯೂ ರೋಮಿನ ಚಕ್ರವರ್ತಿಯೂ

ದೇವಳಾಲಿ ಕ್ಯಾಂಪ್ ದಂಡಿನ ಊರು. ಬ್ರಿಟಿಷರ ಕಾಲದಲ್ಲಿ ವಿಲಾಯತಿಗೆ ಮರಳುವ ಸಿಪಾಯಿಗಳು ಹಡಗಿನ ದಾರಿ ಕಾಯುತ್ತ ಇಲ್ಲಿ ಬಿಡಾರ ಮಾಡುತ್ತಿದ್ದರು. ಈಗ ಭಾರತೀಯ ಸೇನೆಯ ಫಿರಂಗಿ ತರಬೇತಿ ಶಾಲೆ ಇಲ್ಲಿದೆ. ಕರ್ನಾಟಕದ ಹಳ್ಳಿಗಳಿಂದ ಸೇನೆ ಸೇರಿದ ಅದೆಷ್ಟೋ ಹುಡುಗರಿಗೆ ಈ ಊರಿನ ಹೆಸರು ಗೊತ್ತು. ಇಲ್ಲಿಂದ ಸ್ವಲ್ಪ ದೂರದಲ್ಲಿ, ಮುಂಬೈ–ಆಗ್ರಾ ಹೆದ್ದಾರಿಯ ಮಗ್ಗುಲಲ್ಲಿ, ಒಂದು ಬೋಳು ಬೆಟ್ಟವಿದೆ. ಜನ ಅದನ್ನು ಪಾಂಡವಲೇಣಿ ಎನ್ನುತ್ತಾರೆ. ಶಾಸನಗಳು ಅದನ್ನು ತ್ರಿರಶ್ಮಿ ಎಂದು ಕರೆಯುತ್ತವೆ. ಬೆಟ್ಟದ ಹೊಟ್ಟೆಯಲ್ಲಿ ಸಾಲಾಗಿ 24 ಗುಹೆಗಳು; ಅವುಗಳಲ್ಲಿ ಮೂರನೆಯದರ ಪಡಸಾಲೆಯ ಗೋಡೆಯ ಮೇಲೆ, ಇನ್ನೊಂದು ದಂಡಿನಿಂದ ಬಂದ ಆಜ್ಞೆಯೊಂದನ್ನು ಕೊರೆದಿದ್ದಾರೆ.

ಆಜ್ಞೆ ಹೊರಡಿಸಿದವನು ಸಾತವಾಹನ ದೊರೆ ಗೌತಮೀಪುತ್ರ ಸಾತಕರ್ಣಿ. ಅವನ ಆಳ್ವಿಕೆಯ 18ನೇ ವರ್ಷ. ಹೊರಟದ್ದು ವೈಜಯಂತಿಯ ಸೇನೆಯ ವಿಜಯ ಸ್ಕಂಧಾವಾರದಿಂದ, ಅಂದರೆ ದಂಡಿನ ಬೀಡಿನಿಂದ. ವೈಜಯಂತಿ ಎಂದರೆ ನಮ್ಮ ಬನವಾಸಿ ಎಂದು ಹಲವು ವಿದ್ವಾಂಸರು ಓದುತ್ತಾರೆ. 'ಗೆಲ್ಲುವ ಸೇನೆ' ಎಂದಷ್ಟೇ ಅರ್ಥ ಮಾಡುವವರೂ ಇದ್ದಾರೆ. ತಲುಪಬೇಕಾದವನು ಗೋವರ್ಧನದ ಅಮಾತ್ಯ ವಿಷ್ಣುಪಾಲಿತ. ಗೋವರ್ಧನ ಎಂದರೆ ಇಂದಿನ ನಾಸಿಕದ ಪಶ್ಚಿಮಕ್ಕೆ, ಗೋದಾವರಿಯ ದಡದಲ್ಲಿರುವ ಊರು. ಆಗ ಅದು ಆ ಸೀಮೆಯ ಆಡಳಿತದ ಕೇಂದ್ರ. ಆಜ್ಞೆಯ ಸಾರ ಇಷ್ಟು: ಪಶ್ಚಿಮ ಕಖಡಿ ಗ್ರಾಮದಲ್ಲಿ ಈವರೆಗೆ ಉಷವದಾತನ ಕೈಯಲ್ಲಿದ್ದ 200 ನಿವರ್ತನ ಹೊಲವನ್ನು ತ್ರಿರಶ್ಮಿಯ ಬೌದ್ಧ ಭಿಕ್ಷುಗಳಿಗೆ ಕೊಟ್ಟಿದ್ದೇವೆ. ಆ ಹೊಲದೊಳಗೆ ರಾಜಭಟರು ಕಾಲಿಡಬಾರದು, ಉಪ್ಪಿಗಾಗಿ ಅಗೆಯಬಾರದು, ಸೀಮೆಯ ಅಧಿಕಾರಿಗಳು ಕೈಹಾಕಬಾರದು. ನಮ್ಮ ನಾಡಿನ ಮುಂದಿನ ಶಾಸನಗಳಲ್ಲಿ ಸಾವಿರಾರು ಸಲ ಬರುವ ಸರ್ವಮಾನ್ಯದ ಉಂಬಳಿಗೆ ಇದು ಹಿರಿಯ ಬಂಧು.

ಗ್ರೀಕರ ಮತ್ತು ರೋಮನರ ಸಮಾಜ, ಸರ್ಕಾರಗಳನ್ನು ಓದುವವರು ಈ ಬೆಟ್ಟಕ್ಕೆ ಬರಬೇಕು ಎಂಬುದು ನನ್ನ ದೃಢವಾದ ನಂಬಿಕೆ. ನಮ್ಮ ಕಾಲೇಜುಗಳಲ್ಲಿ ಅಥೆನ್ಸಿನ ಜನಸಭೆ, ರೋಮಿನ ಸೆನೆಟ್ ಒಂದು ಪುಸ್ತಕದಲ್ಲಿದ್ದರೆ ಸಾತವಾಹನರು ಇನ್ನೊಂದರಲ್ಲಿ ಇರುತ್ತಾರೆ. ಮೊದಲನೆಯದನ್ನು ರಾಜ್ಯಶಾಸ್ತ್ರವೆಂದೂ ಎರಡನೆಯದನ್ನು ರಾಜರ ಪಟ್ಟಿಯೆಂದೂ ಓದಿ ಮುಗಿಸುತ್ತೇವೆ. ಆದರೆ ಎರಡು ಸಾವಿರ ವರ್ಷಗಳ ಹಿಂದೆ ಇವರೆಲ್ಲ ಒಂದೇ ಕಾಲದಲ್ಲಿ ಬದುಕಿದ್ದರು, ಒಬ್ಬರ ಸರಕನ್ನು ಒಬ್ಬರು ಕೊಂಡಿದ್ದರು, ಒಬ್ಬರ ಬಗ್ಗೆ ಒಬ್ಬರು ಬರೆದಿಟ್ಟಿದ್ದರು. ಸಂಘ, ಸಭೆ, ಠೇವಣಿ, ಕರ, ಪರದೇಶಿ, ಗುಲಾಮ: ಆಳುವವರ ಮುಂದೆ ಇದ್ದ ಪ್ರಶ್ನೆಗಳು ಎರಡೂ ಕಡೆ ಒಂದೇ. ಉತ್ತರಗಳು ಬೇರೆ. ಆ ಉತ್ತರಗಳನ್ನು ಅಕ್ಕಪಕ್ಕ ಇಟ್ಟು ಓದಲು ತ್ರಿರಶ್ಮಿಗಿಂತ ಒಳ್ಳೆಯ ಜಾಗ ದಖ್ಖನಿನಲ್ಲಿ ಇನ್ನೊಂದಿಲ್ಲ.

ಉಷವದಾತ ಯಾರು? ಕ್ಷಹರಾತ ವಂಶದ ಶಕ ಕ್ಷತ್ರಪ ನಹಪಾನನ ಅಳಿಯ, ದೀನಿಕನ ಮಗ, ದಕ್ಷಮಿತ್ರೆಯ ಗಂಡ. ಇವರ ಕಾಲವನ್ನು ಕೆಲವರು ಕ್ರಿ.ಶ. 1ನೇ ಶತಮಾನದ ಮಧ್ಯಕ್ಕೂ ಕೆಲವರು 2ನೇ ಶತಮಾನದ ಆರಂಭಕ್ಕೂ ಹಾಕುತ್ತಾರೆ. ಸಾತವಾಹನರ ಕೈಯಿಂದ ನಾಸಿಕ, ಕಾರ್ಲೆ, ಜುನ್ನರ್ ಸೀಮೆಗಳನ್ನು ಕಿತ್ತುಕೊಂಡು ಶಕರು ಆಳುತ್ತಿದ್ದರು. ಭರುಕಚ್ಛದ ಬಂದರು, ಅಂದರೆ ಇಂದಿನ ಭರೂಚ್, ಅವರ ಹಿಡಿತದಲ್ಲಿತ್ತು. ಅದೇ ಸುಮಾರಿನಲ್ಲಿ ಈಜಿಪ್ಟಿನ ಗ್ರೀಕ್ ವ್ಯಾಪಾರಿಯೊಬ್ಬ ಬರೆದ ಪೆರಿಪ್ಲಸ್ ಎಂಬ ಕಡಲ ಕೈಪಿಡಿ ಉಳಿದುಬಂದಿದೆ. ಬರೆದವನ ಹೆಸರು ಅದರಲ್ಲಿಲ್ಲ. ಭರುಕಚ್ಛದಿಂದ ದಕ್ಷಿಣಕ್ಕೆ 20 ದಿನದ ಹಾದಿ ನಡೆದರೆ ಪೈಠಣ, ಅಲ್ಲಿಂದ ಪೂರ್ವಕ್ಕೆ 10 ದಿನ ನಡೆದರೆ ತಗರ, ಪೈಠಣದಿಂದ ಗೋಮೇದಕದಂಥ ಕಲ್ಲು ಗಾಡಿಗಳಲ್ಲಿ ಬರುತ್ತದೆ, ತಗರದಿಂದ ಬಟ್ಟೆ ಬರುತ್ತದೆ ಎಂದು ಅವನು ಲೆಕ್ಕ ಕೊಡುತ್ತಾನೆ. ಪೈಠಣ ಈಗ ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲಿದೆ. ಆಗ ಅದು ಸಾತವಾಹನರ ಪ್ರತಿಷ್ಠಾನ. ಕಲ್ಯಾಣದ ಬಂದರು ಹಿಂದೆ ಮುಕ್ತವಾಗಿತ್ತು, ಈಗ ಅಲ್ಲಿಗೆ ಬರುವ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಭರುಕಚ್ಛಕ್ಕೆ ಒಯ್ಯುತ್ತಾರೆ ಎಂಬ ದೂರೂ ಅದರಲ್ಲಿದೆ. ಎರಡು ರಾಜ್ಯಗಳ ಜಗಳ ಸುಂಕದ ಕಟ್ಟೆಯ ಮೇಲೆ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಅತ್ತ ರೋಮಿನಲ್ಲಿ ಪ್ಲಿನಿ ಎಂಬ ವಿದ್ವಾಂಸ, ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಹಣ ಇಂಡಿಯಾಕ್ಕೆ ಹರಿದುಹೋಗುತ್ತಿದೆ ಎಂದು ಗೋಳಾಡುತ್ತಿದ್ದ.

ಆ ಹಣದಲ್ಲಿ ಒಂದಿಷ್ಟು ದಖ್ಖನಿನ ಘಟ್ಟ ಹತ್ತಿ ನಾಸಿಕಕ್ಕೂ ಬಂದಿರಬೇಕು. ಏಕೆಂದರೆ ಹತ್ತನೆಯ ಗುಹೆಯಲ್ಲಿ ಉಷವದಾತ ಬರೆಸಿದ ದಾನಗಳ ಪಟ್ಟಿ ಶ್ರೀಮಂತ ರಾಜ್ಯದ ಪಟ್ಟಿ. ಭರುಕಚ್ಛ, ದಶಪುರ, ಗೋವರ್ಧನ, ಶೂರ್ಪಾರಕಗಳಲ್ಲಿ ತಂಗುಮನೆಗಳು. ತಪತಿ, ದಮಣ ಮೊದಲಾದ ನದಿಗಳಲ್ಲಿ ಹಣವಿಲ್ಲದೆ ದಾಟಿಸುವ ದೋಣಿಗಳು. ಭಿಕ್ಷುಗಳ ಊಟಕ್ಕೆಂದು ಕೊಟ್ಟ ಹೊಲವೊಂದನ್ನು ಅವನು ಬ್ರಾಹ್ಮಣ ಅಶ್ವಿಭೂತಿಯ ಕೈಯಿಂದ 4,000 ಕಾರ್ಷಾಪಣ ಬೆಲೆ ತೆತ್ತು ಕೊಂಡಿದ್ದಾನೆ. ಅದು ಅಶ್ವಿಭೂತಿಗೆ ತಂದೆಯಿಂದ ಬಂದ ಹೊಲ ಎಂದೂ ಬರೆಸಿದ್ದಾನೆ. ಗೆದ್ದ ನಾಡಿನ ದೊರೆಯ ಅಳಿಯ ಹೊಲವನ್ನು ಕಿತ್ತುಕೊಳ್ಳಲಿಲ್ಲ, ಕ್ರಯಕ್ಕೆ ತೆಗೆದುಕೊಂಡ. ಖಾಸಗಿ ಸ್ವತ್ತಿನ ಮುಂದೆ ಅರಸುಮನೆಯೂ ಬೆಲೆ ಕೊಡುವ ರೂಢಿ ಇತ್ತು ಎನ್ನಲು ಈ ಒಂದು ಸಾಲು ಸಾಕು.

ಅದಕ್ಕಿಂತ ಮಹತ್ವದ್ದು ಶಾಸನ ಹೇಳುವ 42ನೇ ವರ್ಷದ ವೈಶಾಖದ ದಾನ. ಉಷವದಾತ 3,000 ಕಾರ್ಷಾಪಣಗಳನ್ನು ಅಕ್ಷಯನೀವಿಯಾಗಿ, ಅಂದರೆ ಮೂಲಧನ ಮುಟ್ಟದೆ ಬಡ್ಡಿಯನ್ನಷ್ಟೇ ಅನುಭವಿಸುವ ಠೇವಣಿಯಾಗಿ ಇಡುತ್ತಾನೆ. ಇಟ್ಟದ್ದು ಅರಮನೆಯ ಬೊಕ್ಕಸದಲ್ಲಿ ಅಲ್ಲ, ದೇಗುಲದಲ್ಲಿ ಅಲ್ಲ. ಗೋವರ್ಧನದ ನೇಕಾರರ ಶ್ರೇಣಿಗಳಲ್ಲಿ. ಒಂದು ಶ್ರೇಣಿಗೆ 2,000, ತಿಂಗಳಿಗೆ ನೂರಕ್ಕೆ 1ರ ಬಡ್ಡಿ. ಇನ್ನೊಂದಕ್ಕೆ 1,000, ತಿಂಗಳಿಗೆ ನೂರಕ್ಕೆ ಮುಕ್ಕಾಲು. ಮೊದಲನೆಯದರ ಬಡ್ಡಿಯಿಂದ ಮಳೆಗಾಲದಲ್ಲಿ ಗುಹೆಯಲ್ಲಿ ನೆಲೆಸುವ 20 ಭಿಕ್ಷುಗಳಿಗೆ ತಲಾ 12 ಕಾರ್ಷಾಪಣ ಬಟ್ಟೆಯ ಹಣ. ಲೆಕ್ಕ ಹಾಕಿ ನೋಡಿ: ತಿಂಗಳಿಗೆ 20, ವರ್ಷಕ್ಕೆ 240, ಇಪ್ಪತ್ತು ಹನ್ನೆರಡಲೇ 240. ಒಂದು ಕಾಸೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಎರಡು ಸಾವಿರ ವರ್ಷ ಹಿಂದಿನ ಗುಮಾಸ್ತನೊಬ್ಬ ಮಾಡಿಟ್ಟ ಗಣಿತ ಇಂದಿಗೂ ತಾಳೆಯಾಗುತ್ತದೆ ಎಂಬುದನ್ನು ಕಂಡಾಗ ನನಗೆ ಆದ ಸಂತೋಷವನ್ನು ಮುಚ್ಚಿಡಲಾರೆ.

ಮುಖ್ಯವಾದ ಮಾತು ಕೊನೆಯಲ್ಲಿ ಬರುತ್ತದೆ. ಇದೆಲ್ಲವನ್ನೂ ನಿಗಮಸಭೆಯಲ್ಲಿ ಓದಿ ಹೇಳಿಸಿದೆ, ರೂಢಿಯ ಪ್ರಕಾರ ದಾಖಲೆಯ ಕಟ್ಟೆಯಲ್ಲಿ ಹಲಗೆಯ ಮೇಲೆ ಬರೆಸಿದೆ ಎನ್ನುತ್ತದೆ ಶಾಸನ. ಅಂದರೆ ದೊರೆಯ ಅಳಿಯನ ದಾನಕ್ಕೂ ಊರಿನ ಸಭೆಯ ಮುಂದೆ ನಿಲ್ಲಬೇಕಾದ ಕ್ರಮವೊಂದಿತ್ತು. ರಾಜ ಬದಲಾದರೂ ನೇಕಾರರ ಸಂಘ ಉಳಿಯುತ್ತದೆ, ನಿಗಮಸಭೆ ಉಳಿಯುತ್ತದೆ ಎಂಬ ಭರವಸೆ ಇಲ್ಲದೆ ಯಾರೂ 'ಅಕ್ಷಯ' ಎಂಬ ಹೆಸರಿಟ್ಟು ಹಣ ಇಡುವುದಿಲ್ಲ.

ಇದನ್ನು ರೋಮಿನ ಪಕ್ಕದಲ್ಲಿ ಇಡೋಣ. ಉತ್ತರ ಇಟಲಿಯ ವೆಲೇಯಾ ಎಂಬ ಊರಿನಲ್ಲಿ 1747ರಲ್ಲಿ ದೊಡ್ಡದೊಂದು ಕಂಚಿನ ಹಲಗೆ ಸಿಕ್ಕಿತು. ಕ್ರಿ.ಶ. 98ರಿಂದ 117ರವರೆಗೆ ಆಳಿದ ಚಕ್ರವರ್ತಿ ಟ್ರೇಜನನ ಕಾಲದ್ದು. ಅದರಲ್ಲಿರುವುದೂ ಠೇವಣಿಯೇ. ಚಕ್ರವರ್ತಿ 10,44,000 ಸೆಸ್ಟರ್ಸ್ ಹಣವನ್ನು ಅಲ್ಲಿನ ಜಮೀನುದಾರರಿಗೆ ವರ್ಷಕ್ಕೆ ನೂರಕ್ಕೆ 5ರ ಬಡ್ಡಿಯ ಮೇಲೆ ಕೊಡುತ್ತಾನೆ. ಅವರ ಹೊಲಗಳೇ ಅಡವು. ವರ್ಷಕ್ಕೆ ಬರುವ 52,200 ಸೆಸ್ಟರ್ಸ್ ಬಡ್ಡಿಯಿಂದ ಊರಿನ ಮಕ್ಕಳ ಊಟ. 245 ಗಂಡುಮಕ್ಕಳಿಗೆ ತಿಂಗಳಿಗೆ ತಲಾ 16, 34 ಹೆಣ್ಣುಮಕ್ಕಳಿಗೆ ತಲಾ 12, ಮದುವೆಯಾಚೆ ಹುಟ್ಟಿದ ಒಂದು ಗಂಡಿಗೆ 12, ಒಂದು ಹೆಣ್ಣಿಗೆ 10. ಅಲ್ಲಿಯೂ ಲೆಕ್ಕ ಸರಿಯಾಗಿ ಕೂಡುತ್ತದೆ. ಸರ್ಕಾರದ ಹಣ ಕೈಯಿಂದ ಕೈಗೆ ಹೇಗೆ ಹೋಗಬೇಕು ಎಂದು ಯೋಚಿಸಿದ ಬುದ್ಧಿ ಎರಡೂ ಕಡೆ ಒಂದೇ ಮಟ್ಟದ್ದು. ಬಡ ಮಕ್ಕಳ ಹೊಟ್ಟೆಗೆ ಅನ್ನ ಹಾಕಿದ ರೋಮಿನ ಯೋಜನೆಗೆ ನಾನು ತಲೆಬಾಗುತ್ತೇನೆ. ನಮ್ಮ ಗುಹೆಗಳಲ್ಲಿ ಅದಕ್ಕೆ ಸಮನಾದದ್ದು ಕಾಣುವುದಿಲ್ಲ. ಆದರೆ ವೆಲೇಯಾದಲ್ಲಿ ಹಣ ಹೋದದ್ದು ಜಮೀನಿದ್ದವರ ಕೈಗೆ. ಗೋವರ್ಧನದಲ್ಲಿ ಹೋದದ್ದು ಮಗ್ಗದವರ ಸಂಘಕ್ಕೆ.

ಅದೇ ಟ್ರೇಜನ್ ದುಡಿಯುವವರ ಸಂಘಗಳನ್ನು ಹೇಗೆ ನೋಡುತ್ತಿದ್ದ ಎಂಬುದಕ್ಕೆ ಕಾಗದಗಳಿವೆ. ಗೋಳಾಡಿದ ಪ್ಲಿನಿಯ ಸೋದರಳಿಯ, ಅವನ ಹೆಸರೂ ಪ್ಲಿನಿಯೇ, ಇಂದಿನ ಟರ್ಕಿಯಲ್ಲಿದ್ದ ಬಿಥಿನಿಯಾ ಪ್ರಾಂತಕ್ಕೆ ಕ್ರಿ.ಶ. 110ರ ಸುಮಾರಿಗೆ ಅಧಿಕಾರಿಯಾಗಿ ಹೋಗಿದ್ದ. ನಿಕೊಮಿಡಿಯಾ ನಗರದಲ್ಲಿ ಬೆಂಕಿ ಬಿದ್ದು ಬೀದಿಬೀದಿ ಸುಟ್ಟುಹೋಯಿತು. ಜನ ಕೈಕಟ್ಟಿ ನಿಂತು ನೋಡಿದರು, ನೀರೆತ್ತುವ ಯಂತ್ರವಿಲ್ಲ, ಬಕೀಟೂ ಇಲ್ಲ. ಕೆಲಸಗಾರರಲ್ಲಿ ಹೆಚ್ಚೆಂದರೆ 150 ಜನರ ಒಂದು ಸಂಘ ಕಟ್ಟಲೇ, ಬೇರೆಯವರನ್ನು ಒಳಗೆ ಬಿಡದಂತೆ ನಾನೇ ನೋಡಿಕೊಳ್ಳುತ್ತೇನೆ ಎಂದು ಅವನು ಚಕ್ರವರ್ತಿಗೆ ಬರೆದು ಕೇಳಿದ. ಟ್ರೇಜನ್ ಬೇಡವೆಂದ. ಯಾವ ಹೆಸರಿಟ್ಟರೂ ಯಾವ ಕಾರಣಕ್ಕೆ ಸೇರಿದರೂ ಇಂಥ ಕೂಟಗಳು ಸ್ವಲ್ಪ ದಿನದಲ್ಲಿ ರಾಜಕೀಯ ಗುಂಪುಗಳಾಗುತ್ತವೆ, ಬೆಂಕಿ ಆರಿಸುವ ಸಲಕರಣೆ ಇಟ್ಟುಕೊಂಡರೆ ಸಾಕು ಎಂಬುದು ಅವನ ಉತ್ತರದ ತಾತ್ಪರ್ಯ. ಸಾಮ್ರಾಜ್ಯದ ಗಡಿಯನ್ನು ಹಿಂದೆ ಯಾರೂ ಒಯ್ಯದಷ್ಟು ದೂರ ಒಯ್ದ ದೊರೆಗೆ ಬೆಂಕಿ ಆರಿಸುವ 150 ಜನರ ಕೂಟ ಭಯ ಹುಟ್ಟಿಸಿತ್ತು. ಅದಕ್ಕೆ ಒಂದೆರಡು ತಲೆಮಾರು ಹಿಂದೆಯೋ ಹೆಚ್ಚುಕಡಿಮೆ ಅದೇ ಕಾಲದಲ್ಲೋ ಗೋದಾವರಿಯ ದಡದಲ್ಲಿ ಹೊರಗಿನಿಂದ ಬಂದ ಶಕ ರಾಜಕುಮಾರ, ಮಗ್ಗದವರ ಸಂಘವನ್ನು ನಂಬಿ ಶಾಶ್ವತ ನಿಧಿ ಇಟ್ಟಿದ್ದ.

ಇದರಿಂದ ಸಾತವಾಹನರ ನಾಡು ಪ್ರಜಾಪ್ರಭುತ್ವವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಅಥೆನ್ಸಿನಲ್ಲಿ ಕ್ರಿ.ಪೂ. 508ರಲ್ಲಿ ಕ್ಲೈಸ್ತನೀಸ್ ಕಟ್ಟಿದ ವ್ಯವಸ್ಥೆಯಲ್ಲಿ ಹತ್ತು ಗಣಗಳಿಂದ ತಲಾ 50 ಜನರಂತೆ 500 ಜನರ ಪರಿಷತ್ತು ಸೇರುತ್ತಿತ್ತು. ಮುಂದೆ ಆ ಆಯ್ಕೆ ಚೀಟಿ ಎತ್ತುವ ಮೂಲಕ ನಡೆಯತೊಡಗಿತು, ಹೊಲ ಉಳುವವನೂ ಒಂದು ವರ್ಷ ನಗರದ ಆಡಳಿತಕ್ಕೆ ಕೂರಬಹುದಾಗಿತ್ತು. ಅಲ್ಲಿನ ಕಲ್ಲುಗಳ ಮೇಲಿನ ಆಜ್ಞೆಗಳು 'ಪರಿಷತ್ತೂ ಜನರೂ ತೀರ್ಮಾನಿಸಿದರು' ಎಂದು ಶುರುವಾಗುತ್ತವೆ. ಇಲ್ಲಿನವು ದೊರೆಯ ಹೆಸರಿನಿಂದ ಶುರುವಾಗುತ್ತವೆ. ಇದು ಸಣ್ಣ ವ್ಯತ್ಯಾಸವಲ್ಲ. ಹಳ್ಳಿಗಾಡಿನಲ್ಲಂತೂ ಸಾತವಾಹನರ ಆಡಳಿತ ಸೈನಿಕರ ಕೈಯಲ್ಲೇ ಇತ್ತು ಎನ್ನಲು ಬಳ್ಳಾರಿ ಸೀಮೆಯ ಅಂಚಿನ ಮ್ಯಾಕದೋನಿಯ ಶಾಸನವಿದೆ. ಪುಳುಮಾವಿ ಎಂಬ ಸಾತವಾಹನ ದೊರೆಯ ಕಾಲದ ಆ ಶಾಸನದಲ್ಲಿ ಗೃಹಸ್ಥನೊಬ್ಬ ಕೆರೆ ತೋಡಿಸಿದ ಊರು ಕುಮಾರದತ್ತನೆಂಬ ಗುಲ್ಮಿಕನದು, ಅಂದರೆ ದಂಡಿನ ಅಧಿಕಾರಿಯದು.

ಈಗ ಹದಿನೇಳನೆಯ ಗುಹೆಗೆ ಬರೋಣ. ಅದನ್ನು ಕೊರೆಸಿದವನು ಒಬ್ಬ ಗ್ರೀಕ. ಉತ್ತರದವನು, ದಾತ್ತಾಮಿತ್ರಿ ಊರಿನವನು, ಯೋನಕ (ಯವನ, ಅಂದರೆ ಗ್ರೀಕ), ಧರ್ಮದೇವನ ಮಗ, ಇಂದ್ರಾಗ್ನಿದತ್ತ ಎಂದು ಅವನೇ ಹೇಳಿಕೊಂಡಿದ್ದಾನೆ. ಆ ಊರು ಬ್ಯಾಕ್ಟ್ರಿಯಾದ ಗ್ರೀಕ್ ದೊರೆ ಡೆಮೆಟ್ರಿಯಸನ ಹೆಸರಿನ ನಗರ ಎಂದು ಬಹುಪಾಲು ವಿದ್ವಾಂಸರ ಮತ. ಅವನು ಮಗ ಧರ್ಮರಕ್ಷಿತನ ಜೊತೆಗೂಡಿ ಗುಹೆ, ಅದರೊಳಗೆ ಚೈತ್ಯ, ನೀರಿನ ತೊಟ್ಟಿಗಳನ್ನು ತಾಯಿ ತಂದೆಯರ ಹೆಸರಿನಲ್ಲಿ ಮಾಡಿಸಿದ. ಅಪ್ಪ, ತಾನು, ಮಗ: ಮೂರು ತಲೆಮಾರಿನ ಹೆಸರೂ ನಮ್ಮ ನೆಲದವು. ಆದರೂ 'ಯೋನಕ' ಎಂಬುದನ್ನು ಅವನು ಮುಚ್ಚಿಡಲಿಲ್ಲ. ಜುನ್ನರಿನಲ್ಲಿ ಇರಿಲ ಎಂಬ ಯವನ ತೊಟ್ಟಿಗಳನ್ನು ಕೊಟ್ಟಿದ್ದಾನೆ, ಕಾರ್ಲೆಯ ಚೈತ್ಯದ ಕೆಲವು ಕಂಬಗಳು ಧೇನುಕಾಕಟದ ಯವನರು ಕೊಟ್ಟವು. ಅಂದಹಾಗೆ, ಆ ಕಾರ್ಲೆಯ ಚೈತ್ಯವನ್ನು ಜಂಬೂದ್ವೀಪದಲ್ಲೇ ಶ್ರೇಷ್ಠ ಎಂಬ ಹೆಮ್ಮೆಯಿಂದ ಮಾಡಿಸಿದ ಸೆಟ್ಟಿ ಭೂತಪಾಲ ವೈಜಯಂತಿಯವನು.

ಇಂದ್ರಾಗ್ನಿದತ್ತ ಅಥೆನ್ಸಿಗೆ ಪರದೇಶಿಯಾಗಿ ಹೋಗಿದ್ದರೆ? ಅಲ್ಲಿ ನೆಲೆಸಿದ ಹೊರಗಿನವರು ತಮ್ಮ ಹೆಸರು ನೋಂದಾಯಿಸಿ ವರ್ಷಕ್ಕೆ 12 ಡ್ರಾಕ್ಮಾ ತಲೆಗಂದಾಯ ಕೊಡಬೇಕಿತ್ತು. ವಿಶೇಷ ಅನುಮತಿ ಇಲ್ಲದೆ ಮನೆ, ಹೊಲ ಕೊಳ್ಳುವಂತಿರಲಿಲ್ಲ. ಕ್ರಿ.ಪೂ. 451ರ ಪೆರಿಕ್ಲೀಸನ ಕಾನೂನಿನ ನಂತರ ತಾಯಿ ತಂದೆ ಇಬ್ಬರೂ ಅಥೆನ್ಸಿನವರಾದರೆ ಮಾತ್ರ ಮಗ ಪೌರ. ಸ್ಟಗೈರಾದಿಂದ ಬಂದ ಅರಿಸ್ಟಾಟಲ್, ರಾಜ್ಯಗಳ ಸ್ವರೂಪವನ್ನು ಕುರಿತು ಜಗತ್ತಿಗೆ ಪಾಠ ಹೇಳಿದವನು, ಅಥೆನ್ಸಿನಲ್ಲಿ ಒಂದು ಮತ ಹಾಕುವ ಹಕ್ಕೂ ಇಲ್ಲದೆ ಬದುಕಿದ. ರೋಮ್ ಈ ವಿಷಯದಲ್ಲಿ ಉದಾರವಾಗಿತ್ತು. ಪೌರನೊಬ್ಬ ಕ್ರಮದಂತೆ ಬಿಡುಗಡೆ ಮಾಡಿದ ಗುಲಾಮನೂ ಪೌರನಾಗುತ್ತಿದ್ದ, ಕ್ರಿ.ಶ. 212ರಲ್ಲಿ ಚಕ್ರವರ್ತಿ ಕ್ಯಾರಕಲ್ಲ ಸಾಮ್ರಾಜ್ಯದ ಹೆಚ್ಚುಕಡಿಮೆ ಎಲ್ಲ ಸ್ವತಂತ್ರ ನಿವಾಸಿಗಳಿಗೂ ಪೌರತ್ವ ಕೊಟ್ಟ.

ಇಲ್ಲಿಯೂ ಬಾಗಿಲು ಪೂರ್ತಿ ತೆರೆದಿರಲಿಲ್ಲ. ಬೌದ್ಧ ಸಂಘದ ಬಾಗಿಲು ತೆರೆದಿತ್ತು, ವರ್ಣದ ಬಾಗಿಲು ಬೇರೆ. ಯವನರನ್ನು ಕ್ರಿಯೆಗೆಟ್ಟು ಕೆಳಗಿಳಿದ ಕ್ಷತ್ರಿಯರು ಎಂದು ಮನುಸ್ಮೃತಿ ಪಟ್ಟಿಯಲ್ಲಿ ಸೇರಿಸುತ್ತದೆ. ಮೂರನೆಯ ಗುಹೆಯಲ್ಲಿ ಗೌತಮೀಪುತ್ರನ ತಾಯಿ ಬಲಶ್ರೀ ಬರೆಸಿದ ದೊಡ್ಡ ಪ್ರಶಸ್ತಿಯಲ್ಲಿ ಅವನು ಶಕ, ಯವನ, ಪಹ್ಲವರನ್ನು ನಿರ್ಮೂಲ ಮಾಡಿದವನು, ನಾಲ್ಕು ವರ್ಣಗಳ ಬೆರಕೆಯನ್ನು ನಿಲ್ಲಿಸಿದವನು. ಅದೇ ಬೆಟ್ಟದಲ್ಲಿ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಯವನನ ಗುಹೆಯಿದೆ. ಅದನ್ನು ಯಾರೂ ಕೆಡವಲಿಲ್ಲ, ಹೆಸರನ್ನು ಯಾರೂ ಕೆತ್ತಿ ಅಳಿಸಲಿಲ್ಲ. ಮುಂದೆ ಸಾತವಾಹನ ವಾಸಿಷ್ಠೀಪುತ್ರ ಸಾತಕರ್ಣಿಯ ರಾಣಿ ಶಕ ಮಹಾಕ್ಷತ್ರಪನ ಮಗಳು ಎಂದು ಕಾನ್ಹೇರಿಯ ಶಾಸನ ಹೇಳುತ್ತದೆ. ಆ ಮಹಾಕ್ಷತ್ರಪ ರುದ್ರದಾಮನೇ ಎಂದು ಇತಿಹಾಸಕಾರರು ಒಪ್ಪುತ್ತಾರೆ. ಪ್ರಶಸ್ತಿಯ ಮಾತು ಒಂದು, ಅರಮನೆಯ ಬದುಕು ಇನ್ನೊಂದು.

ಗ್ರೀಕರೂ ಇಲ್ಲಿನವರೂ ಪರಸ್ಪರರ ಸಮಾಜವನ್ನು ಗಮನವಿಟ್ಟು ನೋಡಿದ್ದೂ ಉಂಟು. ಕ್ರಿ.ಪೂ. 300ರ ಸುಮಾರಿಗೆ ಚಂದ್ರಗುಪ್ತ ಮೌರ್ಯನ ಆಸ್ಥಾನಕ್ಕೆ ಬಂದ ಗ್ರೀಕ್ ರಾಯಭಾರಿ ಮೆಗಸ್ತನೀಸ್, ಇಲ್ಲಿನ ಜನರಲ್ಲಿ ಏಳು ವರ್ಗಗಳಿವೆ, ಒಂದರಿಂದ ಇನ್ನೊಂದಕ್ಕೆ ಹೋಗುವಂತಿಲ್ಲ ಎಂದು ಬರೆದ; ಪಾಟಲಿಪುತ್ರವನ್ನು ಐದೈದು ಜನರ ಆರು ಸಮಿತಿಗಳು ನೋಡಿಕೊಳ್ಳುತ್ತವೆ, ಅವುಗಳಲ್ಲೊಂದು ಪರದೇಶಿಗಳಿಗೆ ವಸತಿ, ಔಷಧ ಒದಗಿಸಿ ಸತ್ತರೆ ಹೂಳುತ್ತದೆ ಎಂದ. ಇಂಡಿಯಾದಲ್ಲಿ ಗುಲಾಮರೇ ಇಲ್ಲ ಎಂದೂ ಬರೆದ. ಅದು ಸರಿಯಲ್ಲ; ಅರ್ಥಶಾಸ್ತ್ರದಲ್ಲಿ, ಬೌದ್ಧ ಗ್ರಂಥಗಳಲ್ಲಿ ದಾಸರು ಇದ್ದೇ ಇದ್ದಾರೆ. ಬೆಳ್ಳಿಯ ಗಣಿಗಳಲ್ಲಿ ಸಾವಿರಾರು ಗುಲಾಮರು ಸಾಯುವುದನ್ನು ಬಲ್ಲ ನಾಡಿನವನಿಗೆ ಇಲ್ಲಿನ ಮನೆಯಾಳು ಗುಲಾಮನಂತೆ ಕಾಣದಿರಬಹುದು. ಈ ಕಡೆಯಿಂದ ಆ ಕಡೆ ನೋಡಿದ ನೋಟ ಪಾಲಿ ಮಜ್ಝಿಮ ನಿಕಾಯದಲ್ಲಿದೆ. ಬ್ರಾಹ್ಮಣರೇ ಶ್ರೇಷ್ಠ ಎಂದು ವಾದಿಸಲು ಬಂದ ಅಸ್ಸಲಾಯನ ಎಂಬ ತರುಣನಿಗೆ ಬುದ್ಧ, ಯೋನ ಮತ್ತು ಕಾಂಬೋಜ ನಾಡುಗಳಲ್ಲಿ ಒಡೆಯ, ದಾಸ ಎಂಬ ಎರಡೇ ವರ್ಣಗಳಿವೆಯಂತೆ, ಒಡೆಯ ದಾಸನಾಗಬಹುದು, ದಾಸ ಒಡೆಯನಾಗಬಹುದು, ಕೇಳಿದ್ದೀಯಾ ಎಂದು ಪ್ರಶ್ನಿಸುತ್ತಾನೆ. ಕೇಳಿದ್ದೇನೆ ಎನ್ನುತ್ತಾನೆ ಹುಡುಗ. ವರ್ಣ ಎಲ್ಲೆಲ್ಲೂ ಇರುವ ಪ್ರಕೃತಿ ನಿಯಮವಲ್ಲ ಎಂದು ತೋರಿಸಲು ಗ್ರೀಕರ ಸಮಾಜವನ್ನು ಉದಾಹರಣೆಯಾಗಿ ಬಳಸಿದ್ದಾರೆ! ನಮ್ಮಲ್ಲಿ ಗ್ರೀಕ್ ಸಮಾಜದ ಅಧ್ಯಯನ ಇಂಗ್ಲಿಷ್ ಕಾಲೇಜುಗಳಿಂದ ಶುರುವಾಯಿತು ಎನ್ನುವವರು ಈ ಸುತ್ತವನ್ನು ಓದಬೇಕು. ಯೋನರ ನಾಡನ್ನು ಬಿಟ್ಟರೆ ಬ್ರಾಹ್ಮಣ ಶ್ರಮಣರಿಲ್ಲದ ನಾಡಿಲ್ಲ ಎಂದು ಅಶೋಕನೂ ತನ್ನ 13ನೇ ಬಂಡೆ ಶಾಸನದಲ್ಲಿ ಗುರುತಿಸಿದ್ದಾನೆ.

ಬಲಶ್ರೀಯ ಪ್ರಶಸ್ತಿಯನ್ನು ನಾನು ಬೇರೊಂದು ಶಾಸನದ ಜೊತೆ ಓದುತ್ತೇನೆ. ಕ್ರಿ.ಶ. 14ರಲ್ಲಿ ತೀರಿಕೊಂಡ ರೋಮಿನ ಚಕ್ರವರ್ತಿ ಆಗಸ್ಟಸ್ ತನ್ನ ಸಾಧನೆಗಳ ಪಟ್ಟಿಯನ್ನು ತಾನೇ ಬರೆದಿಟ್ಟಿದ್ದ. ಇಂದಿನ ಅಂಕಾರಾದ ದೇಗುಲದ ಗೋಡೆಗಳ ಮೇಲೆ ಅದು ಲ್ಯಾಟಿನ್ನಿನಲ್ಲೂ ಗ್ರೀಕಿನಲ್ಲೂ ಉಳಿದಿದೆ. ಇಂಡಿಯಾದ ದೊರೆಗಳ ರಾಯಭಾರಿಗಳು ಅನೇಕ ಸಲ ತನ್ನಲ್ಲಿಗೆ ಬಂದರು ಎಂದೂ ಅದರಲ್ಲಿ ಹೇಳಿಕೊಂಡಿದ್ದಾನೆ. ಅವನು ನೆಟ್ಟ ದೃಷ್ಟಿ ಒಂದೇ: ತಾನು ರಾಜನಲ್ಲ, ಅಧಿಕಾರವನ್ನು ಸೆನೆಟ್ಟಿಗೂ ಜನರಿಗೂ ಹಿಂದಿರುಗಿಸಿದವನು ಎಂದು ನಂಬಿಸುವುದು. ಸೈನ್ಯ ಅವನ ಕೈಯಲ್ಲೇ ಇತ್ತು, ಆದರೂ ರೋಮಿನವರಿಗೆ 'ರಾಜ' ಎಂಬ ಹೆಸರೇ ಆಗದು. ಬಲಶ್ರೀ, ಮಗ ಸತ್ತ ಮೇಲೆ, ಮೊಮ್ಮಗ ಪುಳುಮಾವಿಯ 19ನೇ ವರ್ಷದಲ್ಲಿ ಬರೆಸಿದಳು. ಆಗಸ್ಟಸ್ ಹಂಚಿದ ಹಣ, ಕಟ್ಟಿದ ಗುಡಿಗಳನ್ನು ಎಣಿಸುತ್ತಾನೆ. ಅವಳು ಬೆಟ್ಟಗಳನ್ನೂ ನಾಡುಗಳನ್ನೂ ಎಣಿಸುತ್ತಾಳೆ, ಮಗನ ಕುದುರೆಗಳು ಮೂರು ಸಮುದ್ರದ ನೀರು ಕುಡಿದವು ಎನ್ನುತ್ತಾಳೆ. ಆದರೆ ನಡುವೆ ಎರಡು ಮಾತು ಬರುತ್ತವೆ: ಅವನು ಧರ್ಮಕ್ಕೆ ಒಪ್ಪುವ ಕರಗಳನ್ನಷ್ಟೇ ಎತ್ತಿದ, ಪೌರರ ಸುಖದುಃಖವನ್ನು ತನ್ನದೆಂದುಕೊಂಡ. ಆಳುವವನಿಂದ ಜನ ಏನು ನಿರೀಕ್ಷಿಸುತ್ತಿದ್ದರು ಎಂಬುದು ಇಂಥ ಹೊಗಳಿಕೆಯಲ್ಲೇ ತಿಳಿಯುತ್ತದೆ. ರೋಮಿನಲ್ಲಿ ಮಾತು ಹಕ್ಕಿನದು, ಗೋದಾವರಿಯ ದಡದಲ್ಲಿ ಕರದ್ದು.

ಗೌತಮೀಪುತ್ರನ ಕೈಯಲ್ಲಿ ಕ್ಷಹರಾತರು ಸೋತದ್ದರ ಗುರುತು 1906ರಲ್ಲಿ ನಾಸಿಕದ ಬಳಿಯ ಜೋಗಲ್‌ಟೆಂಭಿಯಲ್ಲಿ ಮಣ್ಣಿನಿಂದ ಎದ್ದು ಬಂತು. ನಹಪಾನನ 13,000ಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳು. ಅವುಗಳಲ್ಲಿ 9,000ಕ್ಕೂ ಹೆಚ್ಚಿನವುಗಳ ಮೇಲೆ ಗೌತಮೀಪುತ್ರ ತನ್ನ ಮುದ್ರೆ ಒತ್ತಿಸಿದ್ದ. ಹಳೆಯ ನಾಣ್ಯದ ಅಂಚಿನಲ್ಲಿ ಪ್ರಾಕೃತದ ಮಾತನ್ನೇ ಗ್ರೀಕ್ ಲಿಪಿಯಲ್ಲಿ ಬರೆದಿದ್ದರು. ಶಕ ದೊರೆಯ ಮುಖ, ಗ್ರೀಕ್ ಅಕ್ಷರ, ಅದರ ಮೇಲೆ ಸಾತವಾಹನರ ಬೆಟ್ಟದ ಚಿಹ್ನೆ: ಮೂರೂ ಒಂದೇ ಬಿಲ್ಲೆಯಲ್ಲಿ. ಹಣವನ್ನು ಕರಗಿಸದೆ ಮುದ್ರೆಯನ್ನಷ್ಟೇ ಬದಲಿಸಿದ್ದರಿಂದ ಪೇಟೆಯ ವ್ಯವಹಾರ ನಿಲ್ಲಲಿಲ್ಲ.

ನಮ್ಮ ಕಡೆ ಇದರ ಎಳೆಗಳು ಹಲವು. ಕ್ರಿ.ಶ. 2ನೇ ಶತಮಾನದ ಗ್ರೀಕ್ ಭೂಗೋಳಜ್ಞ ಟಾಲೆಮಿಯ ಪಟ್ಟಿಯಲ್ಲಿ ನಾಸಿಕವೂ ಇದೆ, ಪುಳುಮಾವಿಯ ರಾಜಧಾನಿ ಪೈಠಣವೂ ಇದೆ, ಬನವಾಸಿಯೂ ಇದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ ರೋಮಿನ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕು 1903ರಲ್ಲಿ ಅಚ್ಚಾದ ಗ್ರೀಕ್ ಪ್ರಹಸನವೊಂದರಲ್ಲಿ, ಇಂಡಿಯಾದ ಕರಾವಳಿಯ ದೊರೆಗೆ ನೀರು ಬೆರೆಸದ ಮದ್ಯ ಕುಡಿಸಿ ಖಾರಿಟಿಯಾನ್ ಎಂಬ ಗ್ರೀಕ್ ಹುಡುಗಿಯನ್ನು ಬಿಡಿಸಿಕೊಂಡು ಹೋಗುವ ಕತೆಯಿದೆ. ಅದರಲ್ಲಿ ದೊರೆಯ ಕಡೆಯವರು ಆಡುವ ಮಾತು ಕನ್ನಡ ಎಂದು 1904ರಲ್ಲಿ ಹುಲ್ಶ್ ಎಂಬ ವಿದ್ವಾಂಸ ವಾದಿಸಿದ. ಮೈಸೂರಿನ ಆರ್. ಶಾಮಶಾಸ್ತ್ರಿಗಳೂ ಮಂಜೇಶ್ವರದ ಎಂ. ಗೋವಿಂದ ಪೈಗಳೂ ಆ ಚರ್ಚೆಯನ್ನು ಬೆಳೆಸಿದರು. ಒಪ್ಪದ ವಿದ್ವಾಂಸರೂ ಇದ್ದಾರೆ, ವಾದ ಮುಗಿದಿಲ್ಲ. ಬಿ.ಎಂ. ಶ್ರೀಕಂಠಯ್ಯನವರು ಈಸ್ಕಿಲಸನ ನಾಟಕವನ್ನು 'ಪಾರಸಿಕರು' ಎಂದು ಕನ್ನಡಕ್ಕೆ ತಂದರು. ಒಬ್ಬ ಚಕ್ರವರ್ತಿಯ ಸೇನೆಯನ್ನು ಸ್ವತಂತ್ರ ಪೌರರ ಹಡಗುಗಳು ಸೋಲಿಸಿದ ಆ ಕತೆಯನ್ನು ಪರರ ಆಳ್ವಿಕೆಯಲ್ಲಿದ್ದ ನಾಡಿನ ಓದುಗರ ಕೈಗಿಟ್ಟದ್ದು ನನ್ನ ಮಟ್ಟಿಗೆ ಬಹಳ ದೊಡ್ಡ ಕೆಲಸ.

ಮತ್ತೆ ತ್ರಿರಶ್ಮಿಯ ಮೂರನೆಯ ಗುಹೆಯ ಗೋಡೆಗೆ. 18ನೇ ವರ್ಷದ ಆಜ್ಞೆಯ ಕೆಳಗೆ 24ನೇ ವರ್ಷದ ಇನ್ನೊಂದು ಆಜ್ಞೆಯಿದೆ. ಆ ಹೊತ್ತಿಗೆ ಗೋವರ್ಧನದ ಅಮಾತ್ಯ ಬದಲಾಗಿದ್ದಾನೆ, ಈಗ ಶ್ಯಾಮಕ. ದೊರೆಯ ಜೊತೆಗೆ ರಾಜಮಾತೆಯ ಹೆಸರಿನಲ್ಲೂ ಆಜ್ಞೆ ಬಂದಿದೆ. ಹಿಂದೆ ಕಖಡಿ ಗ್ರಾಮದಲ್ಲಿ ಕೊಟ್ಟ ಹೊಲವನ್ನು ಯಾರೂ ಉಳುತ್ತಿಲ್ಲ, ಆ ಊರಿನಲ್ಲಿ ಜನವೂ ವಾಸವಿಲ್ಲ. ಆದ್ದರಿಂದ ನಗರದ ಗಡಿಯಲ್ಲಿರುವ ನಮ್ಮದೇ ರಾಜಕ್ಷೇತ್ರದಿಂದ 100 ನಿವರ್ತನ ಕೊಡಿ ಎಂದು ಅದರಲ್ಲಿದೆ. ಯುದ್ಧ ಆ ಹಳ್ಳಿಯನ್ನು ಬರಿದು ಮಾಡಿತೋ ಬೇರೇನಾಯಿತೋ ಶಾಸನ ಹೇಳುವುದಿಲ್ಲ. ಆದರೆ ತನ್ನ ದಾನ ಫಲಿಸಲಿಲ್ಲ ಎಂದು ಗೆದ್ದ ದೊರೆಯ ಸರ್ಕಾರ ಒಪ್ಪಿ, ತಿದ್ದಿ, ಅದನ್ನು ಮೊದಲಿನ ಆಜ್ಞೆಯ ಕೆಳಗೇ ಎಲ್ಲರಿಗೂ ಕಾಣುವಂತೆ ಕೆತ್ತಿಸಿತು. ಅಂಕಾರಾದ ಗೋಡೆಯ ಮೇಲೆ ಇಂಥ ಒಂದು ಸಾಲೂ ಇಲ್ಲ.

ನಹಪಾನ ಹೋದ, ಸಾತವಾಹನರೂ ಹೋದರು, ನಾಸಿಕಕ್ಕೆ ಆಭೀರರು ಬಂದರು. ಆಭೀರ ದೊರೆ ಈಶ್ವರಸೇನನ ಕಾಲದಲ್ಲಿ ವಿಷ್ಣುದತ್ತಾ ಎಂಬ ಹೆಂಗಸು, ಶಕ ಅಗ್ನಿವರ್ಮನ ಮಗಳು, ಗಣಪಕ ರೇಭಿಲನ ಹೆಂಡತಿ, ರೋಗಿಗಳಾದ ಭಿಕ್ಷುಗಳ ಔಷಧಕ್ಕೆಂದು ಅಕ್ಷಯನೀವಿ ಇಟ್ಟಳು. ಈ ಸಲ ಹಣ ಹೋದದ್ದು ಕುಂಬಾರರ ಶ್ರೇಣಿಗೆ, ನೀರಿನ ಯಂತ್ರ ಮಾಡುವವರ ಶ್ರೇಣಿಗೆ, ಗಾಣಿಗರ ಶ್ರೇಣಿಗೆ. ಅದನ್ನೂ ಹತ್ತನೆಯ ಗುಹೆಯಲ್ಲೇ, ಉಷವದಾತನ ನೇಕಾರರ ಲೆಕ್ಕವಿರುವ ಆ ಗುಹೆಯಲ್ಲೇ ಬರೆಸಿದ್ದಾರೆ.